ಅಮರೇಶ್ವರಿಯ ಮನೆ ಮುಂದಿನ ಕಲ್ಲು

ಹೊಲಿಗೆ ಮಷಿನ್ನಿನ ಮುಂದೆ ಕೂತು ತಲೆ ಎತ್ತಿದರೆ ನನಗೆ ಮೊದಲು ಕಾಣುವುದು ಅಮರೇಶ್ವರಿಯ ಬಾಣಲೆ, ಆಮೇಲೆ ಅಮರೇಶ್ವರಿ. ನನ್ನ ಗಡ್ಡ ಕಪ್ಪಿದ್ದ ಕಾಲದಿಂದಲೂ ಹೀಗೇ. ಮಸ್ಕಿಯಲ್ಲಿ ಸಿಂಧನೂರಿನ ಬಸ್ಸು, ಲಿಂಗಸುಗೂರಿನ ಬಸ್ಸು ಎರಡೂ ಹಾಯುವ ದೊಡ್ಡ ರಸ್ತೆಯಿಂದ ಕೆಳಕ್ಕೆ ಇಳಿಯುವ ಗಚ್ಚಿನಬಾವಿ ಓಣಿ ನಮ್ಮದು. ನಾನು ಇಸ್ಮಾಯಿಲ್‌ಸಾಬ್, ಹೆಂಗಸರ ಕುಬಸ ಹೊಲಿಯುವವನು. ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಅವಳ ಮಿರ್ಚಿಯ ಘಾಟು ಮೂಗಿಗೆ ಹೊಡೆಯುತ್ತದೆ. ಬೈಯುತ್ತ, ಸೀನುತ್ತ ಒಂದು ತಟ್ಟೆ ಒಗ್ಗರಣಿ-ಮಿರ್ಚಿ ತಿನ್ನುತ್ತೇನೆ. ಮಂಡಾಳು, ಅಂದರೆ ಮಂಡಕ್ಕಿ, ತೋಯಿಸಿ, ಹಿಂಡಿ, ಅರಿಶಿನ ಹಾಕಿ ಮಾಡುವ ಒಗ್ಗರಣಿ ನಮ್ಮ ಕಡೆ ಯಾರ ಮನೆಯಲ್ಲಿ ಇಲ್ಲ? ಆದರೂ ಅವಳ ಕೈಯ ರುಚಿ ಬೇರೆ. ಇದನ್ನು ಅವಳ ಮುಂದೆ ಎಂದೂ ಹೇಳಿಲ್ಲ. ಹೇಳಿದರೆ ಆ ಹೆಂಗಸನ್ನು ಹಿಡಿಯುವವರಿಲ್ಲ.

ಅವಳು ಹುಟ್ಟಿದ್ದು ಕಾಲುವೆ ನೀರಿನ ತುರ್ವಿಹಾಳದಲ್ಲಿ. ಸಣ್ಣಾಕೆ ಇದ್ದಾಗಿನಿಂದ ಕೆಸರಿನಲ್ಲಿ ನಿಂತು ಭತ್ತದ ಸಸಿ ಹಚ್ಚಿದವಳು. ಕೂಲಿ ಕೊಡುವಾಗ ಯಾರಾದರೂ ಎಡವಟ್ಟು ಮಾಡಿದರೆ ಗುಂಪಿನಲ್ಲಿ ಮೊದಲು ಬಾಯಿ ತೆಗೆಯುತ್ತಿದ್ದವಳು ಇವಳೇ ಎಂದು ತವರಿನವರು ಈಗಲೂ ನಗುತ್ತಾರೆ. ನಮ್ಮ ಓಣಿಯ ಹಮಾಲಿ ವೆಂಕೋಬನಿಗೆ ಕೊಟ್ಟರು. ವೆಂಕೋಬನಿಗೆ ಮಾತು ಕಡಿಮೆ. ಒಂದು ದಿನ ಎತ್ತಿನ ಬಂಡಿಯಲ್ಲಿ ಅಗಲವಾದ ಒಂದು ಪರಸಿ ಕಲ್ಲು ಹೇರಿಕೊಂಡು ಬಂದ. ಮನೆ ಮುಂದಿನ ಗಟಾರದ ಮೇಲೆ ಅದನ್ನು ಹಾಸಿ, "ಇಲ್ಲಿ ಕುಂತು ಏನಾರ ಮಾರು" ಅಂದ. ಅವಳು ಕೂತಳು. ಎದೆನೋವು ಬಂದು ವೆಂಕೋಬ ತೀರಿಕೊಂಡ ಮೇಲೂ ಅದೇ ಕಲ್ಲಿನ ಮೇಲೆ ಕೂತು ಮಗ ದುರುಗೇಶನನ್ನು ಓದಿಸಿದಳು. ಅವನು ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸಕ್ಕೆ ಸೇರಿದ. ಗುರುಗುಂಟಾದಿಂದ ರಾಜಶ್ರೀ ಎನ್ನುವ ಸೊಸೆಯೂ ಬಂದಳು.

ವೆಂಕೋಬನ ಕಲ್ಲು ನೋಡಿ ಪಕ್ಕದವರಿಗೆ ಆಸೆಯಾಯಿತು. ಅವರೂ ಒಂದು ಹಾಸಿದರು, ಅವರ ಪಕ್ಕದವರೂ ಹಾಸಿದರು. ಒಬ್ಬರಿಗೆ ಕೂರುವ ಕಟ್ಟೆ, ಒಬ್ಬರಿಗೆ ಬೈಕು ನಿಲ್ಲಿಸುವ ಜಾಗ, ನನಗೆ ಗಿರಾಕಿಗಳು ಚಪ್ಪಲಿ ಬಿಡುವ ಜಾಗ. ಹೀಗೆ ಇಡೀ ಓಣಿಯ ಗಟಾರ ಕಲ್ಲಿನ ಅಡಿಗೆ ಹೋಯಿತು. ಅದು ಇದೆಯೋ ಸತ್ತಿದೆಯೋ ಎಂದು ಯಾರೂ ಬಗ್ಗಿ ನೋಡಲಿಲ್ಲ.

ಮಳೆಗಾಲದಲ್ಲಿ ಮಾತ್ರ ಅದರ ನೆನಪಾಗುತ್ತಿತ್ತು. ಮೇಲೆ ದೊಡ್ಡ ರಸ್ತೆಯಲ್ಲಿ ಟ್ರ್ಯಾಕ್ಟರು, ಭತ್ತ ಕೊಯ್ಯುವ ಮಷಿನ್ನು ರಿಪೇರಿ ಮಾಡುವ ಗ್ಯಾರೇಜುಗಳಿವೆ. ನೆಲಕ್ಕೆ ಚೆಲ್ಲಿದ ಡೀಸೆಲ್ಲು, ಸುಟ್ಟ ಆಯಿಲ್ಲು, ಪ್ಲಾಸ್ಟಿಕ್ಕು, ಸಗಣಿ ಎಲ್ಲವನ್ನೂ ಮೊದಲ ಮಳೆ ತೊಳೆದು ನಮ್ಮ ಓಣಿಗೆ ತರುತ್ತದೆ. ಗಟಾರದ ಬಾಯಿ ಕಟ್ಟಿದ್ದರಿಂದ ಆ ನೀರು ರಸ್ತೆಯ ಮೇಲೇ ಹರಿದು ಓಣಿಯ ತುದಿಯ ಗಚ್ಚಿನಬಾವಿಗೆ ಬೀಳುತ್ತಿತ್ತು. ಸುತ್ತಲಿನ ಬೋರುಗಳದ್ದು ಉಪ್ಪು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ. ಸಿಹಿನೀರು ಇದ್ದದ್ದು ಈ ಬಾವಿಯಲ್ಲಿ ಮಾತ್ರ. ಮಳೆ ಬಂದರೆ ಹೊಲದವರಿಗೆ ಹಬ್ಬ, ನಮ್ಮ ಓಣಿಗೆ ಬಾಯಾರಿಕೆ.

ಹೋದ ವರ್ಷ ಆದದ್ದನ್ನು ಬರೆಯಲು ನನಗೆ ಮನಸ್ಸಿಲ್ಲ, ಆದರೆ ಬರೆಯದಿದ್ದರೆ ಮುಂದಿನದು ಯಾರಿಗೂ ತಿಳಿಯುವುದಿಲ್ಲ. ರಾಜಶ್ರೀ ಬಸುರಿಯಾಗಿದ್ದಳು. ಜೋರು ಮಳೆಗೆ ನೀರು ಮನೆಯ ಹೊಸ್ತಿಲಿಗೆ ಬಂತು. ದುರುಗೇಶ ಹಾರೆ ತಂದು ತಂದೆ ಹಾಸಿದ ಕಲ್ಲನ್ನು ಗೇಣಿನಷ್ಟು ಸರಿಸಿ, ಗಟಾರ ಕೆದಕಿ, ನೀರು ಇಳಿಸಿದ. ಕೆಲವು ವಾರಗಳಲ್ಲಿ ರಾಜಶ್ರೀಗೆ ಕಾಮಾಲೆ ಹಿಡಿಯಿತು. ಕುಡಿಯುವ ನೀರಿನಿಂದ ಬಂದದ್ದು ಎಂದು ಡಾಕ್ಟರು ಹೇಳಿದರು. ಹೊಟ್ಟೆಯಲ್ಲಿದ್ದ ಕೂಸು ಉಳಿಯಲಿಲ್ಲ.

ಬಸುರಿ ಇರುವ ಮನೆಯಲ್ಲಿ ಹೊಸ್ತಿಲ ಮುಂದಿನ ಕಲ್ಲು ಅಲುಗಿಸಬಾರದು, ಗುದ್ದಲಿ ಹಾಕಬಾರದು ಎನ್ನುವುದು ನಮ್ಮ ಕಡೆಯ ನಂಬಿಕೆ. ದವಾಖಾನೆಯಿಂದ ಬಂದ ದಿನ ಅಮರೇಶ್ವರಿ ಮಗನಿಗೆ ಒಂದೇ ಮಾತು ಅಂದಳು: "ಕಲ್ಲ ಯಾಕ ಎತ್ತಿದ್ಯೋ?" ಅಷ್ಟೇ. ಅವತ್ತಿನಿಂದ ದುರುಗೇಶ ತಾಯಿಯ ಮುಖ ನೋಡಿ ಮಾತಾಡುವುದನ್ನು ಬಿಟ್ಟ. ಹಟ್ಟಿಯಲ್ಲಿ ಪಾಳಿಯ ಮೇಲೆ ಪಾಳಿ ಮಾಡುತ್ತ ಮನೆಗೆ ಬರುವುದನ್ನೇ ಕಡಿಮೆ ಮಾಡಿದ. ಡಾಕ್ಟರ ಮಾತನ್ನು ಅಮರೇಶ್ವರಿ ನಂಬಿರಲಿಲ್ಲ ಎಂದಲ್ಲ. ನೀರಿನಿಂದ ಆಯಿತು ಎನ್ನುವುದೂ ಕಲ್ಲಿನಿಂದ ಆಯಿತು ಎನ್ನುವುದೂ ಅವಳ ತಲೆಯಲ್ಲಿ ಜಗಳವಾಡದೆ ಒಟ್ಟಿಗೇ ಕೂತಿದ್ದವು. ಎಷ್ಟೋ ಜನರ ತಲೆ ಹೀಗೇ ಇರುತ್ತದೆ, ನನ್ನದೂ ಇದಕ್ಕಿಂತ ಮೇಲಲ್ಲ.

ಆದರೆ ಅಳುತ್ತ ಕೂರುವ ಪೈಕಿ ಅಲ್ಲ ಅವಳು. ಮಳೆಯ ಕೊಳೆ ಸೇರಿದ ಬಾವಿಯ ನೀರಿನಲ್ಲೇ ಮಂಡಾಳು ತೋಯಿಸಿ ಒಗ್ಗರಣಿ ಮಾಡಿ, ಡಬ್ಬಿ ತುಂಬಿಕೊಂಡು ಪುರಸಭೆಗೆ ಹೋದಳು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದಳು, ಮಷಿನ್ನಿನಲ್ಲಿ ಅರ್ಧ ಹೊಲಿದ ಕುಬಸದ ತೋಳು ಸಿಕ್ಕಿಸಿಟ್ಟು ಹೋಗಬೇಕಾಯಿತು. ಅಲ್ಲಿ ಶಿವಕಾಂತ ಎನ್ನುವ ಹರೆಯದ ಇಂಜಿನಿಯರು. ಅವನ ಮುಂದೆ ಡಬ್ಬಿ ತೆಗೆದಿಟ್ಟಳು.

"ತಿನ್ರಿ ಸಾಹೇಬ್ರ."

ಅವನು ಒಂದು ತುತ್ತು ಬಾಯಿಗೆ ಇಟ್ಟು ನಿಂತ. ಉಗುಳಲೂ ಆಗದು, ನುಂಗಲೂ ಆಗದು. "ಡೀಸೆಲ್ ನಾರಾಕತ್ತೈತಲ್ರೀ ಯವ್ವಾ" ಅಂದ.

"ನಾವು ದಿನಾ ಇದನ್ನ ಕುಡ್ಯಾಕತ್ತೀವ್ರಿ."

ಒಳ್ಳೆಯ ಹುಡುಗ, ನುಂಗಿಯೇಬಿಟ್ಟ. ಆಮೇಲೆ ನೀರು ಕುಡಿದು ಸಮಾಧಾನವಾಗಿ ಹೇಳಿದ: ಮಳೆನೀರಿನ ಜೊತೆ ಊರ ಕೊಳೆ ಹೋಗಿ ಬಾವಿ, ಹಳ್ಳ, ಕೆರೆ ಸೇರದಂತೆ ಮಾಡಲು ಊರಿನ ಆಡಳಿತಗಳಿಗೆ ಸರ್ಕಾರ ಅನುದಾನ ಕೊಡುತ್ತಿದೆ. ಎಲ್ಲಿ ತೊಂದರೆ ಇದೆ ಎಂದು ತೋರಿಸಿ ಕೇಳಬೇಕು. ಮರುದಿನವೇ ಓಣಿಗೆ ಬಂದ. ಮೇಲಿನಿಂದ ಕೆಳಗಿನ ತನಕ ಅವಳ ಹಿಂದೆ ನಡೆದ, ಫೋಟೋ ತೆಗೆದ. ನಾವು ಮರೆತೇಬಿಟ್ಟಿದ್ದಾಗ, ಚಳಿಗಾಲದಲ್ಲಿ ಸುದ್ದಿ ಬಂತು. ಅನುದಾನ ಮಂಜೂರಾಗಿತ್ತು.

ಗ್ಯಾರೇಜುಗಳ ಹತ್ತಿರ ಆಯಿಲ್ಲು, ಹೂಳು ತಡೆಯಲು ಒಂದು ಗುಂಡಿ. ಪ್ಲಾಸ್ಟಿಕ್ಕು ಹಿಡಿಯಲು ಕಬ್ಬಿಣದ ಜಾಲರಿ. ಗಟಾರವನ್ನು ಅಗಲ ಮಾಡಿ, ಬಾವಿಯನ್ನು ಸುತ್ತು ಹಾಕಿಸಿ, ಹಳ್ಳಕ್ಕೆ ಸೇರುವ ಮೊದಲು ಜೊಂಡು ಬೆಳೆಸಿದ ಇನ್ನೊಂದು ಗುಂಡಿಯಲ್ಲಿ ನೀರು ತಿಳಿಯಾಗಲು ಬಿಡುವುದು. ಶಿವಕಾಂತ ಕಡ್ಡಿಯಿಂದ ಮಣ್ಣಿನಲ್ಲಿ ಗೆರೆ ಎಳೆದು ತೋರಿಸಿದ. ಚೆನ್ನಾಗಿಯೇ ಇತ್ತು. ಕೊನೆಗೆ ಅಂದ: "ಒಂದ ಮಾತು. ಗಟಾರ ಈ ತುದಿಯಿಂದ ಆ ತುದಿ ತನಕ ತೆರೆದಿರಬೇಕ್ರಿ. ಮಾರ್ಚ್ ಒಳಗ ಕೆಲಸ ಶುರು ಆಗ್ಲಿಲ್ಲಂದ್ರ ರೊಕ್ಕ ವಾಪಸ್ ಹೋಗ್ತೈತಿ. ನಿಮ್ಮ ನಿಮ್ಮ ಕಲ್ಲು ನೀವ ಎತ್ರಿ."

ಅಲ್ಲಿಗೆ ಓಣಿಯವರ ಮುಖ ನೋಡಬೇಕಿತ್ತು.

ಶಿವಕಾಂತ ಮನೆ ಮನೆಗೆ ಹೋದ. ಮೊದಲ ಮನೆಯವರು ಹೇಳಿದರು, "ಸೊಸಿ ಬಸುರದಾಳ್ರೀ, ಕಲ್ಲು ಅಲುಗಿಸಂಗಿಲ್ಲ." ಎರಡನೆಯ ಮನೆಯಲ್ಲಿ ಮಗಳು ಬಸುರಿ. ಅದರಾಚೆ ಮನೆಯಲ್ಲಿ ಅತ್ತೆಯೂ ಸೊಸೆಯೂ ಇಬ್ಬರೂ. ಗೊಬ್ಬರದ ಅಂಗಡಿಯ ಅಮರಗುಂಡಪ್ಪನ ಮನೆ ಮುಂದೆ ಎಲ್ಲರಿಗಿಂತ ದೊಡ್ಡ ಕಟ್ಟೆ. ಹೆಂಡತಿ ತೀರಿಹೋಗಿ ಮನೆಯಲ್ಲಿ ಅವನೊಬ್ಬನೇ. ಅವನು ಏನು ಹೇಳುತ್ತಾನೋ ಎಂದು ನಾನು ಕತ್ತರಿ ಕೆಳಗಿಟ್ಟು ಕಾದೆ.

"ನಮ್ಮ ಎಮ್ಮಿ ಗಬ್ಬ ಐತ್ರಿ," ಅಂದ ಅಮರಗುಂಡಪ್ಪ. "ಅದೂ ಹೆಣ್ಣು ಜೀವ ಅಲ್ಲೇನು?"

ಶಿವಕಾಂತ ತಲೆ ಮೇಲೆ ಕೈ ಹೊತ್ತು ನನ್ನ ಅಂಗಡಿಗೆ ಬಂದು ಕೂತ. ನನಗೂ ನನ್ನ ಕಲ್ಲು ಬಿಡಲು ಇಷ್ಟವಿರಲಿಲ್ಲ, ಆದರೆ ಆ ಸುಳ್ಳು ಹೇಳುವ ಧೈರ್ಯ ಎಲ್ಲಿಂದ ಬರಬೇಕು? ನನ್ನ ಹೆಂಡತಿ ಜುಬೇದಾಬೀಗೆ ಮದುವೆ ವಯಸ್ಸಿನ ಮೊಮ್ಮಕ್ಕಳಿದ್ದಾರೆ. ಅವಳ ಕಿವಿಗೆ ಬಿದ್ದಿದ್ದರೆ ಲಟ್ಟಣಿಗೆ ಹಿಡಿದೇ ಬರುತ್ತಿದ್ದಳು. "ನೋಡೂಣ್ರಿ" ಎಂದು ತೇಲಿಸಿದೆ.

ಅಮರೇಶ್ವರಿ ಇದನ್ನೆಲ್ಲ ಬಾಣಲೆಯ ಹಿಂದಿನಿಂದ ನೋಡುತ್ತಿದ್ದಳು. ಸಂಜೆ ಮುತ್ತೈದೆಯೊಬ್ಬಳ ಕೈಗೆ ಕುಂಕುಮದ ಭರಣಿ ಕೊಟ್ಟು, ಅವಳ ಜೊತೆ ಹೊರಟಳು. ಮನೆ ಮನೆಗೆ ಹೋಗಿ, ನಗುನಗುತ್ತ ಹೇಳಿದಳು: "ಎಷ್ಟು ಚಂದ ಸುದ್ದಿ! ಶುಕ್ರವಾರ ಈಶ್ವರ ಗುಡಿ ಮುಂದ ಎಲ್ಲಾ ಬಸುರೇರಿಗೂ ಕೂಡೇ ಕುಬಸ ಮಾಡೂಣು. ಹಸಿರು ಕುಬಸ ಇಸ್ಮಾಯಿಲಣ್ಣ ಹೊಲೀತಾನ, ಅಳತಿ ಕೊಟ್ಟು ಬರ್ರಿ. ಉಡಿ ತುಂಬಿ ತವರಿಗೆ ಕಳಿಸ್ರಿ. ಬಸುರಿ ಮನ್ಯಾಗ ಇಲ್ಲಂದ್ರ ಕಲ್ಲು ಎತ್ತಾಕ ಏನೂ ದೋಷ ಇಲ್ಲ."

ಬಸುರಿಗೆ ಕುಬಸ ಮಾಡುವುದೆಂದರೆ ನಮ್ಮ ಕಡೆ ಸೀಮಂತ. ನನ್ನನ್ನು ಒಂದು ಮಾತು ಕೇಳಿದ್ದಳೇ? ಇಲ್ಲ. ಹೋಗಲಿ. ಆದರೆ ಹೆಂಗಸಿನ ಬುದ್ಧಿವಂತಿಕೆಗೆ ಒಳಗೊಳಗೇ ಸಲಾಂ ಹೊಡೆದೆ. ಇಂಜಿನಿಯರಿಗೆ ಸುಳ್ಳು ಹೇಳುವುದು ಬೇರೆ. ಮಡಿಲಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿಸಿಕೊಂಡು, ಐದು ಜನ ಮುತ್ತೈದೆಯರ ಕೈಯಲ್ಲಿ ಆರತಿ ಮಾಡಿಸಿಕೊಂಡು ಸುಳ್ಳು ಹೇಳುವ ಗಟ್ಟಿ ಎದೆ ನಮ್ಮ ಓಣಿಯಲ್ಲಿ ಯಾರಿಗೂ ಇಲ್ಲ. ಹಾಗೆ ಸುಳ್ಳು ಉಡಿ ತುಂಬಿಸಿಕೊಂಡರೆ ಮುಂದೆ ನಿಜವಾದ ಉಡಿ ಬರಿದಾಗುತ್ತದೆ ಎನ್ನುವ ಭಯ. ಅಳತೆ ಕೊಡಲು ನನ್ನ ಅಂಗಡಿಗೆ ಒಬ್ಬಳೂ ಬರಲಿಲ್ಲ. ಗುರುವಾರದ ಹೊತ್ತಿಗೆ ಬಸುರುಗಳು ಒಂದೊಂದಾಗಿ ಕರಗಿದವು. "ಬಸುರಲ್ಲಂತ್ರಿ, ಗ್ಯಾಸ್ ಅಂತ. ಡಾಕ್ಟರ್ ಹೇಳ್ಯಾರ" ಎಂದು ಒಬ್ಬಾಕೆ ನನ್ನ ಮುಂದೆ ಮುಖ ತಿರುಗಿಸಿಕೊಂಡು ಹೇಳಿದಳು. ನಾನು ನಕ್ಕು ಬೆರಳಿಗೆ ಸೂಜಿ ಚುಚ್ಚಿಸಿಕೊಂಡೆ.

ಶುಕ್ರವಾರ ಗುಡಿಯ ಮುಂದೆ ಹಸಿರು ಸೀರೆ ಉಟ್ಟು ಕೂತವಳು ಒಬ್ಬಳೇ. ರಾಜಶ್ರೀ. ಅವಳು ಮಾತ್ರ ನಿಜವಾಗಿ ಬಸುರಿ. ಹೋದ ವರ್ಷದ ಅನುಭವದಿಂದ ಅಮರೇಶ್ವರಿ ಈ ಸುದ್ದಿಯನ್ನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಹೊಟ್ಟೆ ಕಾಣುವ ತನಕ ಸುಮ್ಮನಿದ್ದಳು. ಎಲ್ಲರಿಗೂ ಸವಾಲು ಹಾಕಲು ಹೋಗಿ ತಾನೇ ಸಿಕ್ಕಿಬಿದ್ದಿದ್ದಳು. ಅಮರಗುಂಡಪ್ಪ ಆರತಿ ಮುಗಿಯುವುದನ್ನೇ ಕಾಯುತ್ತಿದ್ದ.

"ಅಮರೇಶವ್ವ, ಎಲ್ಲಾರ ಕಲ್ಲೂ ಎತ್ತಿಸ್ತಿ, ಭಾಳ ಚೊಲೋ. ಓಣ್ಯಾಗ ಮೊದಲ ಕಲ್ಲು ಹಾಸಿದಾಕಿ ನೀನ. ಮೊದಲ ನಿಂದ ಏಳ್ಲಿ. ಆಮ್ಯಾಗ ನಂದು."

ಶಿವಕಾಂತನೂ ಮೆತ್ತಗೆ ಅದನ್ನೇ ಹೇಳಿದ. ಅವಳ ಮನೆ ಬಾವಿಗೆ ಹತ್ತಿರ, ಎಲ್ಲರಿಗಿಂತ ತಗ್ಗಿನಲ್ಲಿದೆ. ಕೆಳಗಿನಿಂದ ಬಿಡಿಸಿಕೊಂಡು ಮೇಲೆ ಹೋಗಬೇಕು, ಇಲ್ಲದಿದ್ದರೆ ಮೇಲಿನ ಕೊಳೆಯೆಲ್ಲ ಇಲ್ಲಿ ಬಂದು ನಿಲ್ಲುತ್ತದೆ.

ಅಮರೇಶ್ವರಿ ಸೊಸೆಯ ಕಡೆ ತಿರುಗಿ ನೋಡಿದಳು. "ಸೊಸಿನ್ನ ನಾಳಿ ಗುರುಗುಂಟಾಕ ಕಳಿಸ್ತೀನಿ," ಅಂದಳು. "ಆಕಿ ಹೋದಮ್ಯಾಗ ಎತ್ರಿ." ಆಮೇಲೆ ಹೋಗಿ ತನ್ನ ಕಲ್ಲಿನ ಮೇಲೆ ಕೂತಳು. ಕಲ್ಲು ಹೋದರೆ ಬಾಣಲೆ ಎಲ್ಲಿಡಬೇಕು, ವೆಂಕೋಬನ ಕೈಯಿಂದ ಬಂದದ್ದು ಅದೊಂದೇ, ಅದೂ ಅವಳಿಗೆ ಸಂಕಟ. ಆದರೆ ಅವಳು ಹೋಗಿ ಕೂತದ್ದು ಅದಕ್ಕಲ್ಲ. ಆ ಕೂಸಿನ ಹಾಗೆ ಇದೂ ಹೋದರೆ ಎನ್ನುವ ಹೆದರಿಕೆಗೆ.

ಮರುದಿನ ಬೆಳಗ್ಗೆ ರಾಜಶ್ರೀಯನ್ನು ತವರಿಗೆ ಬಿಟ್ಟುಬರಲು ದುರುಗೇಶ ರಜೆ ಹಾಕಿ ಬಂದಿದ್ದ. ಪುರಸಭೆಯ ಕೆಲಸಗಾರರೂ ಬಂದು ನಿಂತರು. ರಾಜಶ್ರೀ ಬಾಗಿಲಿಗೆ ಬಂದಳು. ಕೈಯಲ್ಲಿ ಬ್ಯಾಗು ಇರಲಿಲ್ಲ.

"ನಾ ಹೋಗಂಗಿಲ್ರಿ ಅತ್ತಿ."

"ಹುಚ್ಚಿ ಏನಬೇ? ಬಸ್ಸಿನ ಹೊತ್ತಾತು."

"ಹೋದ ಸಲ ಕಲ್ಲು ಎತ್ತಿದ್ದಕ್ಕ ಕೂಸು ಹೋಗ್ಲಿಲ್ರಿ. ಅಷ್ಟು ವರ್ಷ ಎತ್ತದ ಬಿಟ್ಟಿದ್ದಕ್ಕ ಹೋತು. ಆ ನೀರು ಕುಡಿದಾಕಿ ನಾ ಅದೀನಿ, ನನಗ ಗೊತ್ತೈತಿ." ರಾಜಶ್ರೀ ಹೆಚ್ಚು ಮಾತಾಡುವವಳಲ್ಲ, ಅವತ್ತು ಅವಳ ದನಿ ನನ್ನ ಅಂಗಡಿಯ ತನಕ ಸ್ಪಷ್ಟವಾಗಿ ಕೇಳಿಸಿತು. "ನಾ ತವರಿಗೆ ಹೋದಮ್ಯಾಗ ಎತ್ತಿದ್ರ, ನಾಳೆ ಏನಾರ ಹೆಚ್ಚುಕಮ್ಮಿ ಆದ್ರ ನೀವು ಮತ್ತ ಆ ಕಲ್ಲಿನ ಮ್ಯಾಲ ಹಾಕ್ತೀರಿ. ನಿಮ್ಮ ಮಗನ ಮ್ಯಾಲ ಹಾಕ್ತೀರಿ. ಅವರು ಮನ್ಯಾಗ ಕುಂತು ಉಂಡು ಎಷ್ಟು ದಿನ ಆತು ನೋಡೀರೇನು? ನಾ ಇಲ್ಲೇ ನಿಂದರ್ತೀನಿ. ನನ್ನ ಕಣ್ಣ ಮುಂದ ಎತ್ರಿ."

ಕೆಲಸಗಾರನೊಬ್ಬ ದುರುಗೇಶನ ಕಡೆಗೆ ಹಾರೆ ಚಾಚಿದ. ಅವನು ಹಿಂದೆ ಸರಿದ.

"ನಾ ಮುಟ್ಟಂಗಿಲ್ಲ ಯವ್ವಾ. ಒಮ್ಮೆ ಮುಟ್ಟಿದ್ದು ಸಾಕು."

ಅಮರೇಶ್ವರಿ ಮಗನನ್ನು ನೋಡಿದಳು. ತನ್ನ ಒಂದು ಮಾತು ಅವನನ್ನು ಎಷ್ಟು ಸವೆಸಿದೆ ಎನ್ನುವುದು ಅವಳಿಗೆ ಅವತ್ತೇ ಕಂಡಿತೆಂದು ಕಾಣುತ್ತದೆ. ಎದ್ದು ಬಾಣಲೆ ಇಳಿಸಿದಳು, ಸ್ಟವ್ ಪಕ್ಕಕ್ಕಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾರೆಯನ್ನು ಕಿತ್ತುಕೊಂಡು ಕಲ್ಲಿನ ಸಂದಿಗೆ ಇಟ್ಟಳು.

"ಈ ಸಲ ನಾ ಎತ್ತಾಕತ್ತೀನಿ. ದೋಷ ಇದ್ರ ನನಗ ಬರ್ಲಿ. ಎಲ್ಲಾರೂ ಕೇಳ್ರಿ, ನನಗ ಬರ್ಲಿ."

ಅಷ್ಟು ದೊಡ್ಡ ಪರಸಿ ಒಬ್ಬ ಹೆಂಗಸಿಗೆ ಏಳುತ್ತದೆಯೇ? ಏಳಲಿಲ್ಲ. ಎರಡು ಸಲ ಜಾರಿತು. ಮೂರನೆಯ ಸಲ ದುರುಗೇಶ ಹಿಂದಿನಿಂದ ಬಂದು ತಾಯಿಯ ಕೈಗಳ ಮೇಲೆ ತನ್ನ ಕೈ ಇಟ್ಟು ಒತ್ತಿದ. ನಾನೂ ಓಡಿದೆ, ಈ ವಯಸ್ಸಿನಲ್ಲಿ ನನ್ನ ಸೊಂಟ ಆ ಕಲ್ಲಿಗೆ ಏನು ಮಾಡೀತೋ, ಆದರೂ ಓಡಿದೆ. ಕಲ್ಲು ಎದ್ದಿತು. ಅಡಿಯಲ್ಲಿದ್ದದ್ದನ್ನು ವರ್ಣಿಸುವುದಿಲ್ಲ, ಓದುವವರು ಊಟ ಮಾಡುವವರಿರಬಹುದು. ಇಷ್ಟು ಹೇಳಿದರೆ ಸಾಕು: ಅಮರಗುಂಡಪ್ಪ ಮೂಗಿಗೆ ಟವೆಲ್ಲು ಹಿಡಿದು ಒಂದು ಕ್ಷಣ ನೋಡಿದ, "ಇದನ್ನೇನು ನಾವು ಕುಡದಿದ್ದು?" ಅಂದ. ತಾನೇ ಹೋಗಿ ತನ್ನ ಕಟ್ಟೆಯ ಮೇಲಿನ ಬೈಕು ಸರಿಸಿದ. ಸಂಜೆಯ ಹೊತ್ತಿಗೆ ಇಡೀ ಓಣಿಯ ಕಲ್ಲುಗಳು ಗೋಡೆಗೆ ಒರಗಿ ನಿಂತಿದ್ದವು, ನನ್ನದೂ.

ಬೇಸಿಗೆಯೆಲ್ಲ ಕೆಲಸ ನಡೆಯಿತು. ಧೂಳಿಗೆ ನನ್ನ ಬಿಳಿ ಬಟ್ಟೆಗಳೆಲ್ಲ ಕೆಂಪಾದವು, ದಿನಾ ಬೈದೆ. ಅಮರೇಶ್ವರಿ ಬಾಣಲೆ ಎತ್ತಿಕೊಂಡು ನನ್ನ ಅಂಗಡಿಯ ಚಾವಣಿಯ ಅಡಿಗೇ ಬಂದು ಕೂತಳು. ಕೇಳಲಿಲ್ಲ, ಸುಮ್ಮನೆ ಬಂದಳು. ಈಗ ನಾನು ಹೊಲಿದ ಕುಬಸಗಳೆಲ್ಲ ಮಿರ್ಚಿ ವಾಸನೆ ಹೊಡೆಯುತ್ತವೆ ಎಂದು ಗಿರಾಕಿಗಳ ದೂರು. ಬಾವಿಯ ಹೂಳು ತೆಗೆದರು. ಮುಂಗಾರಿನ ಮೊದಲ ಮಳೆಗೆ ನಾವೆಲ್ಲ ಬಾಗಿಲಲ್ಲಿ ನಿಂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆವು. ಮೇಲಿನ ಗುಂಡಿಯಲ್ಲಿ ಆಯಿಲ್ಲು ಬಣ್ಣಬಣ್ಣವಾಗಿ ತೇಲಿ ನಿಂತಿತು, ಜಾಲರಿಗೆ ಪ್ಲಾಸ್ಟಿಕ್ಕು ಸಿಕ್ಕಿತು. ಉಳಿದ ನೀರು ಗಟಾರದಲ್ಲೇ ಹರಿದು, ಬಾವಿಯ ಕಡೆಗೆ ತಿರುಗಿಯೂ ನೋಡದೆ ಹಳ್ಳದ ದಾರಿ ಹಿಡಿಯಿತು. ಎಲ್ಲ ಸರಿಹೋಯಿತು ಎಂದು ಹೇಳುವಷ್ಟು ದಡ್ಡ ನಾನಲ್ಲ. ಆ ಗುಂಡಿಯನ್ನು ಆಗಾಗ ಬಳಿಯಬೇಕು, ಗ್ಯಾರೇಜಿನವರು ಇನ್ನೂ ಆಯಿಲ್ಲು ಚೆಲ್ಲುತ್ತಾರೆ, ಶಿವಕಾಂತನಿಗೆ ವರ್ಗವಾದರೆ ಮುಂದೆ ಯಾರೋ ಏನೋ. ಆದರೆ ನೀರಿನ ಪರೀಕ್ಷೆ ಮಾಡಿಸಿ ಅವನೇ ಬಂದು ಹೇಳಿದ, ಕುಡಿಯಬಹುದು ಎಂದು.

ರಾಜಶ್ರೀಗೆ ಹೆಣ್ಣು ಕೂಸು ಹುಟ್ಟಿತು. ಬಾಣಂತಿ ಮನೆಯಿಂದ ಹೊರಗೆ ಬರುವ ದಿನ ಗಂಗಿ ಪೂಜೆ ಮಾಡುವುದು ನಮ್ಮ ಕಡೆಯ ಪದ್ಧತಿ. ಇತ್ತೀಚೆಗೆ ಎಲ್ಲರೂ ಬೋರಿನ ನಲ್ಲಿಯ ಬುಡಕ್ಕೇ ಕುಂಕುಮ ಹಚ್ಚಿ ಮುಗಿಸುತ್ತಿದ್ದರು. ಅಮರೇಶ್ವರಿ ಮಾತ್ರ ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು ಗಚ್ಚಿನಬಾವಿಗೆ ಹೊರಟಳು. ಜುಬೇದಾಬೀಯೂ ಹೋದಳು, ಅವಳ ಹಿಂದೆ ನಾನು. ಬಾವಿಯ ಕಟ್ಟೆಗೆ ಅರಿಶಿನ, ಕುಂಕುಮ ಹಚ್ಚಿ, ಹೂ ಏರಿಸಿ ರಾಜಶ್ರೀ ಕೈ ಮುಗಿದಳು. ಅಮರೇಶ್ವರಿ ಒಂದು ಕೊಡ ಸೇದಿ, ಬೊಗಸೆಯಲ್ಲಿ ಹಿಡಿದು ಮೊದಲು ತಾನು ಕುಡಿದಳು.

ದುರುಗೇಶ ದೂರದಲ್ಲಿ, ಬೇವಿನ ಮರಕ್ಕೆ ಒರಗಿ ನಿಂತಿದ್ದ. ಕೂಸು ಹುಟ್ಟಿದಾಗಿನಿಂದ ಅವನು ಅದನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಕೈ ತೊಳೆದಿಲ್ಲ, ಈಗಷ್ಟೇ ಪಾಳಿ ಮುಗಿಸಿ ಬಂದೆ, ನೆಗಡಿ ಆಗಿದೆ, ಏನೋ ಒಂದು ನೆಪ. ಅಮರೇಶ್ವರಿ ಸೊಸೆಯ ಮಡಿಲಿನಿಂದ ಕೂಸನ್ನು ಎತ್ತಿಕೊಂಡು ಸೀದಾ ಅವನ ಹತ್ತಿರ ಹೋದಳು.

"ಹಿಡಿ."

"ಯವ್ವಾ, ನನ್ನ ಕೈ..."

"ನಿನ್ನ ಕೈಯಾಗ ಏನೂ ಇಲ್ಲೋ ದುರುಗೇಶ. ಆವತ್ತೂ ಇರ್ಲಿಲ್ಲ. ನನ್ನ ಬಾಯಾಗ ಇತ್ತು," ಅಂದಳು. ಕೂಸನ್ನು ಅವನ ಮುಂದೆ ಹಿಡಿದಳು. "ಹಿಡಿ, ನಿನ್ನ ಮಗಳು."

ಅವನು ಕೈ ಚಾಚಿದ. ಕೂಸು ಅಪ್ಪನ ಅಂಗಿಯನ್ನು ಹಿಡಿದು ಎಳೆಯಿತು. ತಾಯಿ, ಮಗ ಇಬ್ಬರೂ ಎಲ್ಲರ ಮುಂದೆಯೇ ಅತ್ತರು, ನಾನೂ ಅತ್ತೆ.